ಪಾರ್ಸ್ಲಿಯನ್ನೂ ಸೊಪ್ಪಿನಂತೆಯೇ ತಿನ್ನಿ: ಕರಾವಳಿಯ ದಿನನಿತ್ಯದ ಅಡುಗೆಗೊಂದು ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ, ಮಣಿಪಾಲದ ದೊಡ್ಡ ಸೂಪರ್ ಮಾರ್ಕೆಟ್‌ಗಳ ತಂಪು ಕಪಾಟಿನಲ್ಲಿ ಬ್ರೊಕೊಲಿ, ಸೆಲರಿಗಳ ಪಕ್ಕದಲ್ಲಿ ಪಾರ್ಸ್ಲಿಯ ಸಣ್ಣ ಕಟ್ಟು ಈಗ ಆಗಾಗ ಕಾಣಸಿಗುತ್ತದೆ. ಸೂಪಿನ ಮೇಲೆ ನಾಲ್ಕೆಲೆ ಉದುರಿಸಲಿಕ್ಕೆಂದು ಅದನ್ನು ತರುತ್ತೇವೆ. ಉಳಿದದ್ದು ಫ್ರಿಜ್ಜಿನ ತಳದಲ್ಲಿ ಹಳದಿಯಾಗಿ, ಕೊಳೆತು, ವಾರದ ಕೊನೆಗೆ ಕಸದ ಬುಟ್ಟಿ ಸೇರುತ್ತದೆ. ಹರಿವೆ, ಬಸಳೆ, ತಿಮರೆ, ನುಗ್ಗೆಸೊಪ್ಪು, ಆಟಿ ತಿಂಗಳ ತಜಂಕ್, ಕೆಸು, ಇಷ್ಟೆಲ್ಲ ಸೊಪ್ಪು ತಿಂದು ಬೆಳೆದ ನಮ್ಮೂರಿನವರು ಒಂದು ಒಳ್ಳೆಯ ಸೊಪ್ಪನ್ನು ಚಿಟಿಕೆ ಲೆಕ್ಕದಲ್ಲಿ ಬಳಸಿ ಬಿಸಾಡುವುದು ನನಗೆ ಸರಿಕಾಣುವುದಿಲ್ಲ. ಪಾರ್ಸ್ಲಿಯನ್ನು ಹಿಡಿಗಟ್ಟಲೆ ತಿನ್ನಬಹುದು. ಅದನ್ನು ರುಚಿಕಟ್ಟಾಗಿಸಲು ಬೇಕಾದ ತೆಂಗಿನಕಾಯಿ, ಮಜ್ಜಿಗೆ, ಲಿಂಬೆ, ಒಗ್ಗರಣೆ ಎಲ್ಲವೂ ನಮ್ಮ ಅಡುಗೆಮನೆಯಲ್ಲಿ ಮೊದಲಿನಿಂದಲೇ ಇವೆ.

ಇದು ಯಾವ ಜಾತಿಯ ಸೊಪ್ಪು?

ಪಾರ್ಸ್ಲಿ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳ ಗಿಡ. ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆ, ಬಡೇಸೋಪು, ಕ್ಯಾರೆಟ್ ಇವೆಲ್ಲ ಅದರ ಕುಟುಂಬದವೇ. ನೋಡಲಿಕ್ಕೆ ಕೊತ್ತಂಬರಿ ಸೊಪ್ಪಿನ ಹಾಗೇ ಇದ್ದರೂ ಎಲೆ ಇನ್ನಷ್ಟು ಗಾಢ ಹಸಿರು, ದಂಟು ಗಟ್ಟಿ. ಗುರುತು ಹಿಡಿಯಲು ಒಂದೆಲೆ ತಿಕ್ಕಿ ಮೂಸಿದರೆ ಸಾಕು. ಕೊತ್ತಂಬರಿಯ ಘಾಟು ಇದಕ್ಕಿಲ್ಲ. ಆಗಷ್ಟೇ ಕೊಯ್ದ ಹುಲ್ಲಿನಂಥ ಹಸಿ ಪರಿಮಳ, ಅದರ ಹಿಂದೆ ಸಣ್ಣದಾಗಿ ಒಂದು ಮಸಾಲೆಯ ವಾಸನೆ. ನಮ್ಮ ಅಡಿಕೆ ತೋಟಗಳ ನಡುವೆ ಬೆಳೆಯುವ ಜಾಯಿಕಾಯಿಯಲ್ಲಿರುವ ಮಿರಿಸ್ಟಿಸಿನ್ ಎಂಬ ತೈಲಾಂಶ ಪಾರ್ಸ್ಲಿಯಲ್ಲೂ ಇದೆ. ಕೊತ್ತಂಬರಿ ಸೊಪ್ಪಿನ ವಾಸನೆಯೇ ಆಗದವರು ಕೆಲವರಿರುತ್ತಾರಲ್ಲ, ಅವರಿಗೂ ಇದು ಸಾಮಾನ್ಯವಾಗಿ ಹಿಡಿಸುತ್ತದೆ.

ಮಾರುಕಟ್ಟೆಗೆ ಬರುವುದು ಎರಡು ಬಗೆ: ಗುಂಗುರೆಲೆಯದು ಮತ್ತು ಚಪ್ಪಟೆ ಎಲೆಯದು. ಗುಂಗುರೆಲೆ ನೋಡಲು ಚೆಂದ, ಬೇಗ ಬಾಡುವುದಿಲ್ಲ, ಹಾಗಾಗಿ ಹೋಟೆಲಿನವರಿಗೆ ಅದೇ ಇಷ್ಟ. ತಿನ್ನಲಿಕ್ಕಾದರೆ ಚಪ್ಪಟೆ ಎಲೆಯದನ್ನೇ ಕೇಳಿ. ಅದರ ರುಚಿ ಹೆಚ್ಚು, ಹೆಚ್ಚುವುದು ಸುಲಭ, ಬಾಯಿಗೆ ಒರಟಾಗುವುದಿಲ್ಲ. ಗುಂಗುರೆಲೆ ಮಾತ್ರ ಸಿಕ್ಕಿದರೆ ಅದನ್ನು ಅರೆಯುವ ಅಡುಗೆಗಳಿಗೆ ಇಟ್ಟುಕೊಳ್ಳಿ, ಹಸಿ ಸಲಾಡಿಗೆ ಬೇಡ.

ಗಲ್ಫಿನಲ್ಲಿ ದುಡಿದು ಬಂದವರಿರುವ ಮನೆಗಳಲ್ಲಿ ಪಾರ್ಸ್ಲಿ ಹೊಸತೇನಲ್ಲ. ಅಲ್ಲಿನ ತರಕಾರಿ ಅಂಗಡಿಗಳಲ್ಲಿ ಬಕ್ದೂನಿಸ್ ಎಂಬ ಹೆಸರಿನಲ್ಲಿ ಇದು ಕಟ್ಟುಕಟ್ಟಾಗಿ ಮಾರಾಟವಾಗುತ್ತದೆ. ಲೆಬನಾನಿನ ತಬ್ಬೂಲೆ ಸಲಾಡಿನಲ್ಲಂತೂ ಮುಕ್ಕಾಲು ಪಾಲು ಇದೇ. ಅಲ್ಲಿ ಅದನ್ನು ತಟ್ಟೆ ತುಂಬ ತಿಂದವರು ಊರಿಗೆ ಬಂದ ಮೇಲೆ ಯಾಕೆ ಬಿಡಬೇಕು?

ಎಷ್ಟು ತಿಂದರೆ ಪ್ರಯೋಜನ?

100 ಗ್ರಾಂ ಹಸಿ ಪಾರ್ಸ್ಲಿಯಲ್ಲಿ ಸುಮಾರು 133 ಮಿಲಿಗ್ರಾಂ ವಿಟಮಿನ್ ಸಿ, 6 ಮಿಲಿಗ್ರಾಂ ಕಬ್ಬಿಣ, 138 ಮಿಲಿಗ್ರಾಂ ಕ್ಯಾಲ್ಸಿಯಂ, 150 ಮೈಕ್ರೊಗ್ರಾಂ ಫೋಲೇಟ್, 1600 ಮೈಕ್ರೊಗ್ರಾಂಗಿಂತ ಹೆಚ್ಚು ವಿಟಮಿನ್ ಕೆ ಇರುತ್ತದೆ. ಶಕ್ತಿ 36 ಕಿಲೊ ಕ್ಯಾಲೊರಿಯಷ್ಟೇ. ಆದರೆ ಒಂದು ಚಮಚ ಹೆಚ್ಚಿದ ಸೊಪ್ಪು ತೂಗುವುದು 4 ಗ್ರಾಂ ಮಾತ್ರ. ಅಷ್ಟನ್ನು ಸೂಪಿಗೆ ಉದುರಿಸಿದರೆ ವಿಟಮಿನ್ ಕೆ ಒಂದನ್ನು ಬಿಟ್ಟು ಮೇಲಿನ ಅಂಕಿಗಳಲ್ಲಿ ಯಾವುದೂ ನಿಮ್ಮ ಹೊಟ್ಟೆಗೆ ಲೆಕ್ಕಕ್ಕೆ ಸಿಗುವಷ್ಟು ಬರುವುದಿಲ್ಲ.

ಅರ್ಧ ಕಪ್ ಹೆಚ್ಚಿದ ಸೊಪ್ಪು, ಅಂದರೆ ಸುಮಾರು 30 ಗ್ರಾಂ ತಿಂದರೆ ಲೆಕ್ಕ ಬೇರೆ. 40 ಮಿಲಿಗ್ರಾಂ ವಿಟಮಿನ್ ಸಿ ಬಂತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿದ ದಿನದ ಪ್ರಮಾಣ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ಅಷ್ಟು ಸೊಪ್ಪಿನಲ್ಲೇ ಅದರ ಅರ್ಧ ಅಥವಾ ಅದಕ್ಕೂ ಹೆಚ್ಚು ಬಂದಂತಾಯಿತು, ಸೊಪ್ಪನ್ನು ಬೇಯಿಸಿ ಹಾಳುಮಾಡದಿದ್ದರೆ. ವಿಟಮಿನ್ ಸಿ ಬಿಸಿಗೂ ನೀರಿಗೂ ನಿಲ್ಲುವುದಿಲ್ಲ. ವಿಟಮಿನ್ ಕೆ ಮತ್ತು ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಜಿಡ್ಡು ಬೇಕು. ತೆಂಗಿನಕಾಯಿ, ತುಪ್ಪ, ತೆಂಗಿನೆಣ್ಣೆ ಆ ಕೆಲಸ ಮಾಡುತ್ತವೆ. ಸೊಪ್ಪಿನ ಕಬ್ಬಿಣವನ್ನು ಮೈ ಹೀರಿಕೊಳ್ಳಲು ಲಿಂಬೆಯ ಹುಳಿ ನೆರವಾಗುತ್ತದೆ, ಊಟದ ಬೆನ್ನಿಗೇ ಕುಡಿಯುವ ಚಹಾ ಅಡ್ಡಬರುತ್ತದೆ. ಚಹಾವನ್ನು ಒಂದು ಗಂಟೆ ತಡೆದು ಕುಡಿಯಿರಿ.

ಪಾರ್ಸ್ಲಿ ಜ್ಯೂಸ್ ಕುಡಿದು ದೇಹ ಶುದ್ಧಿ ಮಾಡಿಕೊಳ್ಳಿ ಅನ್ನುವವರ ಮಾತಿಗೆ ನನ್ನ ಬೆಂಬಲವಿಲ್ಲ. ಎರಡು ಕಟ್ಟು ಸೊಪ್ಪನ್ನು ಹಿಂಡಿ ಖಾಲಿ ಹೊಟ್ಟೆಗೆ ಕುಡಿಯುವುದರಲ್ಲಿ ರುಚಿಯೂ ಇಲ್ಲ, ನಾರೂ ಇಲ್ಲ. ಅನ್ನದ ಜೊತೆ ತಿನ್ನಿ.

ಕೊಳ್ಳುವುದು, ತೊಳೆಯುವುದು, ಇಡುವುದು

ಕಟ್ಟನ್ನು ದಂಟಿನ ಬುಡದಲ್ಲಿ ಹಿಡಿದು ನೇರ ನಿಲ್ಲಿಸಿ ನೋಡಿ. ಎಲೆಗಳು ತಾವಾಗಿ ನಿಂತರೆ ತಾಜಾ. ಜೋತುಬಿದ್ದರೆ, ಅಂಚು ಹಳದಿಯಾಗಿದ್ದರೆ, ರಬ್ಬರ್ ಬ್ಯಾಂಡ್ ಹಾಕಿದ ಜಾಗ ಲೋಳೆಯಾಗಿದ್ದರೆ ಬೇಡ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂದದ್ದಾದರೆ ಡಬ್ಬಿ ತಿರುಗಿಸಿ ತಳ ನೋಡಿ, ಕೊಳೆ ಮೊದಲು ಅಲ್ಲೇ ಶುರುವಾಗುವುದು. ಘಟ್ಟದ ಮೇಲಿನ ತಂಪು ಊರುಗಳಿಂದ ಬರುವ ಸೊಪ್ಪಾದ್ದರಿಂದ ಹೊಸ ಮಾಲು ಯಾವ ದಿನ ಬರುತ್ತದೆಂದು ಅಂಗಡಿಯವರಲ್ಲೇ ಕೇಳಿಟ್ಟುಕೊಂಡರೆ ಒಳ್ಳೆಯದು.

ಮನೆಗೆ ತಂದ ಕೂಡಲೇ ಕಟ್ಟು ಬಿಚ್ಚಿ. ಸೆಕೆಯ ನಮ್ಮ ಊರಲ್ಲಿ ಕಟ್ಟಿದ ಸೊಪ್ಪು ಒಳಗೊಳಗೇ ಬೇಯುತ್ತದೆ. ಹಳದಿ ಎಲೆ ಆಯ್ದು ತೆಗೆದು, ದಂಟಿನ ಬುಡ ಅರ್ಧ ಇಂಚು ಕತ್ತರಿಸಿ. ಮುಂದಿನದಕ್ಕೆ ಎರಡು ದಾರಿಗಳಿವೆ.

ಎರಡು ಮೂರು ದಿನದಲ್ಲಿ ಮುಗಿಸುವವರು ಲೋಟದಲ್ಲಿ ಒಂದೂವರೆ ಇಂಚು ನೀರು ಹಾಕಿ ದಂಟು ಅದ್ದಿ ನಿಲ್ಲಿಸಿ, ಮೇಲೆ ಸಡಿಲವಾಗಿ ಒಂದು ಚೀಲ ಮುಚ್ಚಿ ಫ್ರಿಜ್ಜಿನ ಬಾಗಿಲಲ್ಲಿಡಿ. ಈ ಸೊಪ್ಪನ್ನು ತಿನ್ನುವ ಹೊತ್ತಿಗೆ ತೊಳೆದರೆ ಸಾಕು. ವಾರ ಬಾಳಿಸಬೇಕಾದರೆ ಮೊದಲೇ ತೊಳೆದು, ಪೂರ್ತಿ ಒಣಗಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಪೂರ್ತಿ ಅನ್ನುವುದಕ್ಕೆ ಒತ್ತುಕೊಡುತ್ತೇನೆ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಹರಡಿದರೂ ಒಂದು ಗಂಟೆ ಬೇಕು. ಒದ್ದೆ ಉಳಿದರೆ ಮೂರನೇ ದಿನ ಕಪ್ಪಾಗುತ್ತದೆ.

ತೊಳೆಯುವ ರೀತಿ ಮುಖ್ಯ, ಯಾಕೆಂದರೆ ಹೆಚ್ಚಿನ ಪಾಲು ನಾವು ಇದನ್ನು ಹಸಿಯಾಗಿ ತಿನ್ನುತ್ತೇವೆ. ನಲ್ಲಿಯ ಕೆಳಗೆ ಹಿಡಿದರೆ ಮಣ್ಣು ಎಲೆಗಳ ಸಂದಿಯಲ್ಲೇ ಉಳಿಯುತ್ತದೆ. ಅಗಲದ ಪಾತ್ರೆಯಲ್ಲಿ ನೀರು ತುಂಬಿ, ಸೊಪ್ಪು ಮುಳುಗಿಸಿ, ಕೈಯಲ್ಲಿ ಅಲುಗಾಡಿಸಿ ಐದು ನಿಮಿಷ ಬಿಡಿ. ಮಣ್ಣು ತಳಕ್ಕಿಳಿಯುತ್ತದೆ. ಸೊಪ್ಪನ್ನು ಮೇಲಿಂದ ಎತ್ತಿ ತೆಗೆಯಿರಿ, ನೀರು ಬಗ್ಗಿಸಬೇಡಿ. ನೀರು ತಿಳಿಯಾಗಿ ಉಳಿಯುವವರೆಗೆ ಇದನ್ನೇ ಮಾಡಿ. ಕುಡಿಯಲು ಬಳಸುವ ನೀರಲ್ಲೇ ಕೊನೆಯ ಸಲ ತೊಳೆಯಿರಿ.

ಹೆಚ್ಚುವುದು

ಒದ್ದೆ ಸೊಪ್ಪು ಹೆಚ್ಚಿದರೆ ಮುದ್ದೆಯಾಗುತ್ತದೆ, ರಸವೆಲ್ಲ ಮಣೆಗೆ ಹೋಗುತ್ತದೆ. ಒಣಗಿದ ಎಲೆಗಳನ್ನು ದಂಟಿನಿಂದ ಬಿಡಿಸಿ, ಒಟ್ಟು ಸೇರಿಸಿ ಬಿಗಿಯಾಗಿ ಹಿಡಿದು, ಹರಿತವಾದ ಚೂರಿಯಿಂದ ಒಂದೇ ಸಲ ತೆಳ್ಳಗೆ ಹೆಚ್ಚಿ. ಮೆಟ್ಟುಕತ್ತಿಯಲ್ಲಿ ಕೈ ಪಳಗಿದವರಿಗೆ ಇದು ಚೂರಿಗಿಂತ ಚೆನ್ನಾಗಿ ಬರುತ್ತದೆ. ಹೆಚ್ಚಿದ್ದನ್ನೇ ಮತ್ತೆ ಮತ್ತೆ ಕೊಚ್ಚಬೇಡಿ, ಎಲೆ ಜಜ್ಜಿಹೋಗಿ ಕಹಿ ಮೇಲೆ ಬರುತ್ತದೆ. ಹೆಚ್ಚಿ ಇಟ್ಟ ಸೊಪ್ಪಿನ ಪರಿಮಳ ಬೇಗ ಹಾರುತ್ತದೆ, ಬಡಿಸುವ ಹತ್ತು ನಿಮಿಷ ಮೊದಲು ಹೆಚ್ಚಿದರೆ ಸಾಕು.

ದಂಟು ಬಿಸಾಡಬೇಡಿ. ಎಲೆಗಿಂತ ಅದರಲ್ಲೇ ರುಚಿ ಗಟ್ಟಿ. ಮೇಲಿನ ಎಳೆಯ ದಂಟನ್ನು ಎಲೆಯ ಜೊತೆಗೇ ಹೆಚ್ಚಬಹುದು. ಬುಡದ ಗಟ್ಟಿ ದಂಟನ್ನು ದಾರದಿಂದ ಕಟ್ಟಿ ಬೇಳೆ ಬೇಯುವಾಗ, ಕೋಳಿ ಅಥವಾ ಮೀನಿನ ಸೂಪು ಕುದಿಯುವಾಗ ಹಾಕಿ ಕೊನೆಗೆ ತೆಗೆದುಬಿಡಿ. ಫ್ರಾನ್ಸಿನ ಅಡುಗೆಯವರು ಇದೇ ದಂಟನ್ನು ಪಲಾವಿನೆಲೆಯಂಥ ಎಲೆ ಸೇರಿಸಿ ಕಟ್ಟಿ ಸೂಪುಗಳಿಗೆ ಹಾಕುತ್ತಾರೆ. ನಮ್ಮ ಸಾರಿನ ಬೇಳೆಕಟ್ಟಿಗೂ ಅದು ಹೊಂದುತ್ತದೆ.

ಮೊದಲ ವಾರ: ಊಟ ಬದಲಿಸದೆ ಶುರುಮಾಡಿ

ಹೊಸ ಸೊಪ್ಪಿಗೆ ಮನೆಯವರ ನಾಲಿಗೆ ಒಗ್ಗಬೇಕು. ಒಮ್ಮೆಲೇ ತಟ್ಟೆ ತುಂಬ ಪಾರ್ಸ್ಲಿ ಸಲಾಡ್ ಇಟ್ಟರೆ ಮಕ್ಕಳು ಮತ್ತೆ ಅದರ ಹತ್ತಿರ ಬರುವುದಿಲ್ಲ. ದಿನವೂ ಮಾಡುವ ಅಡುಗೆಗೇ ಒಂದೊಂದು ಹಿಡಿ ಸೇರಿಸುತ್ತ ಹೋಗಿ.

ಕುಚ್ಚಲಕ್ಕಿ ಗಂಜಿ ಮಾಡಿದ ರಾತ್ರಿ ಉಪ್ಪಿನಕಾಯಿಯ ಜೊತೆಗೆ ಹೀಗೊಂದು ನೆಂಜಿಕೊಳ್ಳಲಿಕ್ಕೆ ಮಾಡಿ: ಹೆಚ್ಚಿದ ಪಾರ್ಸ್ಲಿ ಒಂದು ಹಿಡಿ, ಸಣ್ಣಗೆ ಕೊಚ್ಚಿದ ನೀರುಳ್ಳಿ, ಜಜ್ಜಿದ ಒಂದು ಗಾಂಧಾರಿ ಮೆಣಸು, ಉಪ್ಪು, ಒಂದು ಚಮಚ ತೆಂಗಿನೆಣ್ಣೆ, ನಾಲ್ಕು ಹನಿ ಲಿಂಬೆರಸ. ಕೈಯಲ್ಲೇ ಕಿವುಚಿ ಬೆರೆಸಿ. ಇಷ್ಟೇ. ಗಂಜಿಯ ಸಪ್ಪೆಗೆ ಈ ಹಸಿ ಕಾರ ಎಷ್ಟು ಚೆನ್ನಾಗಿ ಕೂಡುತ್ತದೆಂದು ತಿಂದೇ ತಿಳಿಯಬೇಕು.

ಮಾರನೆಯ ದಿನ ದಾಳಿತೊವ್ವೆ ಇಳಿಸಿ ಒಗ್ಗರಣೆ ಕೊಟ್ಟ ಮೇಲೆ ಒಂದು ಹಿಡಿ ಹಾಕಿ ಮುಚ್ಚಿಡಿ. ಅವಲಕ್ಕಿ ಬಜಿಲಿಗೆ, ಮೊಟ್ಟೆ ಆಮ್ಲೆಟಿಗೆ, ಬಟಾಟೆ ಪಲ್ಯಕ್ಕೆ ಇದೇ ನಿಯಮ: ಒಲೆ ಆರಿಸಿದ ಮೇಲೆ ಸೊಪ್ಪು. ಕುದಿಯುವಾಗ ಹಾಕಿದ ಪಾರ್ಸ್ಲಿ ಹತ್ತು ನಿಮಿಷದಲ್ಲಿ ಬಣ್ಣ, ಪರಿಮಳ ಎರಡನ್ನೂ ಬಿಟ್ಟುಕೊಡುತ್ತದೆ.

ತಂಬುಳಿ

ಪಾರ್ಸ್ಲಿಗೆ ಹೇಳಿಮಾಡಿಸಿದಂಥ ಅಡುಗೆ ಯಾವುದೆಂದರೆ ನನ್ನ ಉತ್ತರ ತಂಬುಳಿ. ತಿಮರೆ, ಸಾಂಬ್ರಾಣಿ ಸೊಪ್ಪು, ಕರಿಬೇವಿನ ಕುಡಿ, ದಾಳಿಂಬೆ ಚಿಗುರು, ಹೀಗೆ ಸ್ವಲ್ಪ ಕಹಿಯೋ ಒಗರೋ ಘಾಟೋ ಇರುವ ಎಲೆಗಳನ್ನು ಬೇಯಿಸದೆ ತಿನ್ನುವುದಕ್ಕೆ ಕರಾವಳಿಯವರು ಕಂಡುಕೊಂಡ ದಾರಿ ಅದು. ತುಪ್ಪ ಘಾಟನ್ನು ತಗ್ಗಿಸುತ್ತದೆ, ಕಾಯಿ ಕಹಿಯನ್ನು ಮುಚ್ಚುತ್ತದೆ, ಮಜ್ಜಿಗೆಯ ಹುಳಿ ಸೊಪ್ಪಿನ ಪರಿಮಳವನ್ನು ಎತ್ತಿಕೊಡುತ್ತದೆ. ಪಾರ್ಸ್ಲಿಯ ಸಣ್ಣ ಕಹಿಗೆ ಬೇಕಾದದ್ದು ಇದೇ ಮೂರು.

ನಾಲ್ಕು ಜನರಿಗೆ ಬೇಕಾಗುವುದು: ಸಡಿಲವಾಗಿ ತುಂಬಿದ ಎರಡು ಕಪ್ ಪಾರ್ಸ್ಲಿ ಎಲೆ, ಒಂದು ಚಮಚ ತುಪ್ಪ, ಅರ್ಧ ಚಮಚ ಜೀರಿಗೆ, ಎಂಟು ಕಾಳುಮೆಣಸು, ಅರ್ಧ ಕಪ್ ಕಾಯಿತುರಿ, ಎರಡು ಕಪ್ ಕಡೆದ ಮಜ್ಜಿಗೆ, ಉಪ್ಪು. ಒಗ್ಗರಣೆಗೆ ತೆಂಗಿನೆಣ್ಣೆ, ಸಾಸಿವೆ, ಒಂದು ಒಣಮೆಣಸು.

ಸಣ್ಣ ಬಾಣಲೆಯಲ್ಲಿ ತುಪ್ಪ ಬಿಸಿಮಾಡಿ ಜೀರಿಗೆ, ಕಾಳುಮೆಣಸು ಹುರಿಯಿರಿ. ಜೀರಿಗೆ ಪರಿಮಳ ಬಂದ ಕೂಡಲೇ ಒಲೆ ಆರಿಸಿ. ಈಗ ಎಲೆ ಹಾಕಿ, ಬಾಣಲೆಯ ಬಿಸಿಯಲ್ಲೇ ಎರಡು ಸಲ ಮಗುಚಿ. ಎಲೆ ಬಾಡಿ ಹೊಳಪು ಬಂದರೆ ಆಯಿತು, ಅರ್ಧ ನಿಮಿಷದ ಕೆಲಸ. ಕೂಡಲೇ ತಟ್ಟೆಗೆ ಸುರಿದು ತಣಿಯಲು ಬಿಡಿ, ಬಾಣಲೆಯಲ್ಲೇ ಬಿಟ್ಟರೆ ಬೆಂದುಹೋಗುತ್ತದೆ. ಕಾಯಿತುರಿಯನ್ನು ಸ್ವಲ್ಪ ಮಜ್ಜಿಗೆ ಹಾಕಿ ಮೊದಲು ನುಣ್ಣಗೆ ಅರೆಯಿರಿ. ಆಮೇಲೆ ಹುರಿದದ್ದನ್ನೂ ಎಲೆಯನ್ನೂ ಸೇರಿಸಿ ಇನ್ನೊಂದು ಸುತ್ತು. ಮಿಕ್ಸಿಯಲ್ಲಿ ಬಹಳ ಹೊತ್ತು ತಿರುಗಿಸಿದರೆ ಜಾರು ಬಿಸಿಯಾಗಿ ಹಸಿರು ಕಂದುತ್ತದೆ, ಹಾಗಾಗಿ ತಡೆತಡೆದು ತಿರುಗಿಸಿ. ಕಡೆಯುವ ಕಲ್ಲು ಇರುವವರಿಗೆ ಈ ತೊಂದರೆಯಿಲ್ಲ. ಉಳಿದ ಮಜ್ಜಿಗೆ, ಉಪ್ಪು ಬೆರೆಸಿ ಕುಡಿಯುವಷ್ಟು ತೆಳ್ಳಗೆ ಮಾಡಿ ಒಗ್ಗರಣೆ ಕೊಡಿ. ಬಿಸಿ ಮಾಡುವಂತಿಲ್ಲ.

ಮಜ್ಜಿಗೆ ಹೆಚ್ಚು ಹುಳಿಯಾಗಿದ್ದರೆ ಪಾರ್ಸ್ಲಿಯ ಸುಳಿವೇ ಸಿಗುವುದಿಲ್ಲ, ಅಂದಿನ ಸಿಹಿ ಮಜ್ಜಿಗೆ ಒಳ್ಳೆಯದು. ಇದಕ್ಕೆ ಕೊತ್ತಂಬರಿ ಸೊಪ್ಪು ಸೇರಿಸಬೇಡಿ. ಒಂದು ಹಿಡಿ ಬಿದ್ದರೂ ಅದರದ್ದೇ ವಾಸನೆ ಮುಂದೆ ಬರುತ್ತದೆ. ಊಟದ ಮೊದಲ ತುತ್ತಿಗೆ ಬಿಸಿ ಅನ್ನ, ಈ ತಂಬುಳಿ ಕಲಸಿ ತಿನ್ನಿ. ಮಾರ್ಚ್–ಏಪ್ರಿಲ್ ಸೆಕೆಯಲ್ಲಿ ಮಧ್ಯಾಹ್ನಕ್ಕೆ ಇದೊಂದು ಇದ್ದರೆ ಇನ್ನೊಂದು ಪದಾರ್ಥ ಬೇಕೆನಿಸದು.

ನೀರುದೋಸೆಯ ಚಟ್ನಿ

ಚಟ್ನಿಗೆ ಮಾತ್ರ ಪಾರ್ಸ್ಲಿ, ಕೊತ್ತಂಬರಿ ಸೊಪ್ಪಿನ ಮಿಶ್ರಣ ಸರಿ. ಒಂದು ಕಪ್ ಕಾಯಿತುರಿ, ಎರಡು ಹಸಿಮೆಣಸು, ಅರ್ಧ ಇಂಚು ಶುಂಠಿ, ಹುರಿದ ಒಂದು ಚಮಚ ಉದ್ದಿನಬೇಳೆ, ಉಪ್ಪು, ಸ್ವಲ್ಪ ಹುಣಸೆ ಇಷ್ಟನ್ನು ಅರೆಯಿರಿ. ಬಿಂಬುಳಿ ಸಿಗುವ ಕಾಲದಲ್ಲಿ ಹುಣಸೆಯ ಬದಲು ಅದೇ ಒಂದು ಹಾಕಿ. ಕೊನೆಗೆ ಒಂದು ಕಪ್ ಪಾರ್ಸ್ಲಿ, ಕಾಲು ಕಪ್ ಕೊತ್ತಂಬರಿ ಸೊಪ್ಪು ಹಾಕಿ ನಾಲ್ಕು ಸುತ್ತು ತಿರುಗಿಸಿ ನಿಲ್ಲಿಸಿ. ಸೊಪ್ಪಿನ ಚೂರು ಕಾಣುವಂತಿರಲಿ. ಸಪ್ಪೆಯಾದ ನೀರುದೋಸೆಗೆ, ಪುಂಡಿ ಕಡುಬಿಗೆ ಇದು ಬಹಳ ಒಗ್ಗುತ್ತದೆ. ಉದ್ದಿನ ದೋಸೆಗೆ ಅಷ್ಟಾಗಿ ಇಲ್ಲ, ಹಿಟ್ಟಿನ ಹುಳಿ ಅದನ್ನು ನುಂಗಿಬಿಡುತ್ತದೆ.

ಕೋಸಂಬರಿ ಮತ್ತು ತಬ್ಬೂಲೆ

ಇವೆರಡನ್ನೂ ಒಟ್ಟಿಗೆ ಹೇಳಲು ಕಾರಣವಿದೆ. ಕಾಳು ಅಥವಾ ಧಾನ್ಯ, ಹಸಿ ತರಕಾರಿ, ಲಿಂಬೆ, ಜಿಡ್ಡು, ಇವೇ ಎರಡರ ಜೀವಾಳ. ತಬ್ಬೂಲೆಯಲ್ಲಿ ಸೊಪ್ಪು ರಾಶಿ, ಗೋಧಿ ಚೂರು. ನಮ್ಮ ಕೋಸಂಬರಿಯಲ್ಲಿ ಬೇಳೆ ರಾಶಿ, ಸೊಪ್ಪು ಚೂರು. ಪಾರ್ಸ್ಲಿ ಕೋಸಂಬರಿ ಮಾಡುವಾಗ ಈ ಎರಡರ ನಡುವೆ ನಿಲ್ಲಿ.

ಅರ್ಧ ಕಪ್ ಹೆಸರುಬೇಳೆಯನ್ನು ಒಂದೂವರೆ ಗಂಟೆ ನೆನೆಸಿ, ನೀರು ಬಸಿದು, ಬಟ್ಟೆಯ ಮೇಲೆ ಹರಡಿ. ಒಂದು ಎಳೆ ಮುಳ್ಳುಸೌತೆ ಸಣ್ಣಗೆ ಹೆಚ್ಚಿ. ಹೆಚ್ಚಿದ ಪಾರ್ಸ್ಲಿ ಒಂದೂವರೆ ಕಪ್, ಕಾಯಿತುರಿ ಕಾಲು ಕಪ್, ಒಂದು ಹಸಿಮೆಣಸು ಸೇರಿಸಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯನ್ನು ತಣಿಸಿ ಹಾಕಿ, ಬಿಸಿ ಎಣ್ಣೆ ಬಿದ್ದ ಕಡೆ ಎಲೆ ಸುಟ್ಟು ಕಪ್ಪಾಗುತ್ತದೆ. ಉಪ್ಪು ಮತ್ತು ಲಿಂಬೆ ಬಡಿಸುವ ಹೊತ್ತಿಗೆ. ಮೊದಲೇ ಉಪ್ಪು ಹಾಕಿದರೆ ಸೌತೆ ನೀರು ಬಿಟ್ಟು ಎಲ್ಲ ತೇಲತೊಡಗುತ್ತದೆ.

ತಬ್ಬೂಲೆಯನ್ನೇ ಮಾಡುವುದಾದರೆ ನಾಲ್ಕು ಜನರಿಗೆ ಸುಮಾರು 150 ಗ್ರಾಂ ಪಾರ್ಸ್ಲಿ ಬೇಕು, ಕಂಜೂಸಿ ಮಾಡಬೇಡಿ. ಜೊತೆಗೆ ಕಾಲು ಕಪ್ ಪುದೀನ, ಬೀಜ ತೆಗೆದ ಎರಡು ಟೊಮೆಟೊ, ಒಂದು ಸಣ್ಣ ನೀರುಳ್ಳಿ, ಎರಡು ಲಿಂಬೆಯ ರಸ, ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ, ಕಾಲು ಕಪ್ ಬುಲ್ಗುರ್. ಬುಲ್ಗುರ್ ಅಂದರೆ ಗೋಧಿಯನ್ನು ಮೊದಲೇ ಬೇಯಿಸಿ, ಒಣಗಿಸಿ, ಒಡೆದದ್ದು. ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ನಮ್ಮ ದಿನಸಿ ಅಂಗಡಿಯ ಗೋಧಿ ನುಚ್ಚು ಹಸಿ ಗೋಧಿಯದು. ಅದನ್ನು ಬದಲಿಗೆ ಬಳಸುವುದಾದರೆ ಧಾರಾಳ ನೀರಲ್ಲಿ ಬೇಯಿಸಿ, ಬಸಿದು, ತಟ್ಟೆಯಲ್ಲಿ ಹರಡಿ ಉದುರುದುರಾಗಿ ಆರಿಸಿಕೊಳ್ಳಬೇಕು. ನೆನೆಸಿದರಷ್ಟೇ ಸಾಲದು. ಎಲ್ಲ ಬೆರೆಸಿ ಹತ್ತು ನಿಮಿಷ ಬಿಟ್ಟರೆ ನುಚ್ಚು ಲಿಂಬೆರಸ, ಟೊಮೆಟೊ ರಸ ಕುಡಿದು ರುಚಿಯಾಗುತ್ತದೆ. ಆಲಿವ್ ಎಣ್ಣೆ ದುಬಾರಿ ಅನಿಸಿದರೆ ಎಳ್ಳೆಣ್ಣೆ ಸರಿಹೊಂದದು, ಕಡಲೆಕಾಯಿ ಎಣ್ಣೆ ಬಳಸಿ. ತೆಂಗಿನೆಣ್ಣೆ ಕೋಸಂಬರಿಗೇ ಇರಲಿ.

ಗುಳ್ಳದ ಬಜ್ಜಿ, ಮೀನಿನ ಮೇಲಿನ ಹಸಿರು

ಉಡುಪಿಯ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದನ್ನು ಕೆಂಡದಲ್ಲೋ ಗ್ಯಾಸಿನ ಉರಿಯಲ್ಲೋ ಸುಟ್ಟು, ಸಿಪ್ಪೆ ತೆಗೆದು, ಕಿವುಚಿ, ಮೊಸರು, ಹಸಿಮೆಣಸು, ನೀರುಳ್ಳಿ ಹಾಕಿ ಬಜ್ಜಿ ಮಾಡುವುದು ಇಲ್ಲಿನ ಮನೆಮನೆಯ ಕ್ರಮ. ಲೆಬನಾನ್, ಸಿರಿಯಾ ಕಡೆಯವರೂ ಬದನೆಯನ್ನು ಹೀಗೇ ಸುಟ್ಟು ಕಿವುಚಿ, ಬೆಳ್ಳುಳ್ಳಿ ಹಾಕಿ, ಮೇಲೆ ಪಾರ್ಸ್ಲಿ ಉದುರಿಸುತ್ತಾರೆ. ಆ ಎರಡನ್ನು ಸೇರಿಸುವುದು ಸುಲಭ. ನಿಮ್ಮ ಬಜ್ಜಿಗೆ ಅರ್ಧ ಕಪ್ ಪಾರ್ಸ್ಲಿ, ಜಜ್ಜಿದ ಒಂದೆಸಳು ಬೆಳ್ಳುಳ್ಳಿ ಸೇರಿಸಿ. ಸುಟ್ಟ ವಾಸನೆಗೂ ಈ ಹಸಿರಿಗೂ ಒಳ್ಳೆಯ ಜೋಡಿ.

ಮೀನು ತಿನ್ನುವವರಿಗೆ: ಕಾಣೆ, ಅಂಜಲ್‌ನಂಥ ಬಿಳಿ ಮಾಂಸದ ಮೀನಿಗೆ ಉಪ್ಪು, ಕಾಳುಮೆಣಸಿನ ಪುಡಿ, ಲಿಂಬೆ ಮಾತ್ರ ಹಚ್ಚಿ ಕಾವಲಿಯಲ್ಲಿ ತೆಂಗಿನೆಣ್ಣೆಗೆ ಹುರಿಯಿರಿ. ತಟ್ಟೆಗೆ ತೆಗೆದ ಕೂಡಲೇ, ಸಣ್ಣಗೆ ಕೊಚ್ಚಿದ ಪಾರ್ಸ್ಲಿ, ಬೆಳ್ಳುಳ್ಳಿ, ತುರಿದ ಲಿಂಬೆ ಸಿಪ್ಪೆ ಬೆರೆಸಿ ಮೇಲೆ ಹರಡಿ. ಮೀನಿನ ಬಿಸಿಯೇ ಬೆಳ್ಳುಳ್ಳಿಯ ಹಸಿ ವಾಸನೆ ತೆಗೆಯುತ್ತದೆ. ಕೆಂಪು ಮಸಾಲೆ ಹಚ್ಚಿದ ಬಂಗುಡೆ, ಬೂತಾಯಿಗೆ ಇದು ಬೇಡ, ಮೆಣಸಿನ ಖಾರದೆದುರು ಪಾರ್ಸ್ಲಿ ನಿಲ್ಲದು.

ಯಾರು ಎಚ್ಚರ ವಹಿಸಬೇಕು

ಹೃದಯದ ಕವಾಟ ಬದಲಿಸಿಕೊಂಡವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸೆನೊಕೂಮರಾಲ್ ಮಾತ್ರೆ ತೆಗೆದುಕೊಳ್ಳುವವರು ಮೇಲಿನದನ್ನೆಲ್ಲ ಓದಿ ನಾಳೆಯಿಂದಲೇ ಶುರುಮಾಡಬೇಡಿ. ಆ ಮಾತ್ರೆಗಳು ವಿಟಮಿನ್ ಕೆಯ ಕೆಲಸವನ್ನು ತಡೆದೇ ಪರಿಣಾಮ ಬೀರುವುದು. ಪಾರ್ಸ್ಲಿಯಲ್ಲಿ ಆ ವಿಟಮಿನ್ ಅತಿ ಹೆಚ್ಚು, 30 ಗ್ರಾಂನಲ್ಲೇ ದಿನದ ಅಗತ್ಯದ ಹಲವು ಪಟ್ಟು. ಇದ್ದಕ್ಕಿದ್ದಂತೆ ತಿನ್ನಲು ತೊಡಗಿದರೆ ಮಾತ್ರೆಯ ಬಲ ಕುಗ್ಗುತ್ತದೆ, ಇದ್ದಕ್ಕಿದ್ದಂತೆ ಬಿಟ್ಟರೆ ರಕ್ತಸ್ರಾವದ ಅಪಾಯ. ನಿಮ್ಮ ಡಾಕ್ಟರಲ್ಲಿ ಕೇಳಿ, ಅವರು ಒಪ್ಪಿದರೆ ದಿನವೂ ಒಂದೇ ಅಳತೆಯಲ್ಲಿ ತಿನ್ನಿ.

ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆಗುವವರು, ಪೊಟ್ಯಾಸಿಯಂ ಕಡಿಮೆ ಮಾಡಬೇಕೆಂದು ಹೇಳಿಸಿಕೊಂಡವರು ಕೂಡ ಡಾಕ್ಟರಲ್ಲಿ ಕೇಳಿಯೇ ತಿನ್ನಬೇಕು. ಬಸುರಿಯರು ಅಡುಗೆಗೆ ಬಳಸುವಷ್ಟು ತಿನ್ನುವುದರಲ್ಲಿ ತೊಂದರೆಯಿಲ್ಲ. ಆದರೆ ಪಾರ್ಸ್ಲಿ ಬೀಜ, ಅದರ ತೈಲ, ಗಟ್ಟಿ ಕಷಾಯ, ಲೋಟಗಟ್ಟಲೆ ಜ್ಯೂಸ್ ಖಂಡಿತ ಬೇಡ. ಅದರಲ್ಲಿರುವ ಏಪಿಯೋಲ್ ಎಂಬ ತೈಲಾಂಶ ಹೆಚ್ಚಿನ ಪ್ರಮಾಣದಲ್ಲಿ ಗರ್ಭಕ್ಕೆ ಅಪಾಯ.

ಮನೆಯಲ್ಲೇ ಬೆಳೆಯುವುದು

ದಿನವೂ ತಿನ್ನುವ ಮನಸ್ಸಿದ್ದರೆ ಅಂಗಡಿಯ ಕಟ್ಟು ದುಬಾರಿಯಾಗುತ್ತದೆ. ನಾಲ್ಕೈದು ಚಟ್ಟಿ ಇಟ್ಟುಕೊಳ್ಳಿ. ಪಾರ್ಸ್ಲಿ ತಂಪು ಬಯಸುವ ಗಿಡ, ನಮ್ಮದು ಸೆಕೆಯ, ಮಳೆಯ ಊರು. ಹಾಗಾಗಿ ಕಾಲ ನೋಡಿಯೇ ಬಿತ್ತಬೇಕು. ಮಳೆ ಹಿಮ್ಮೆಟ್ಟಿ ನವರಾತ್ರಿ ಮುಗಿದ ಮೇಲೆ, ಅಕ್ಟೋಬರಿನಲ್ಲಿ ಬಿತ್ತಿದರೆ ಮಕರ ಸಂಕ್ರಾಂತಿಯ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಫೆಬ್ರವರಿಯ ತನಕ ಸೊಪ್ಪು ಒಳ್ಳೆಯದಿರುತ್ತದೆ.

ಬೇರು ಮೂಲಂಗಿಯಂತೆ ನೇರ ಕೆಳಗಿಳಿಯುವುದರಿಂದ ಹತ್ತು ಇಂಚಾದರೂ ಆಳದ ಚಟ್ಟಿ ಬೇಕು. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಗುಣದ್ದು, ಅದನ್ನೇ ತುಂಬಿದರೆ ಗಿಡ ಏಳುವುದಿಲ್ಲ. ಎರಡು ಪಾಲು ಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ತೆಂಗಿನನಾರಿನ ಪುಡಿ, ಒಂದು ಹಿಡಿ ಸುಣ್ಣದ ಪುಡಿ ಅಥವಾ ಬೂದಿ ಬೆರೆಸಿ ಒಂದೆರಡು ವಾರ ಬಿಡಿ. ಹಸಿ ಸೆಗಣಿ ನೀರನ್ನು ಗಿಡಕ್ಕೆ ಹೊಯ್ಯಬೇಡಿ, ಬೇಯಿಸದೆ ತಿನ್ನುವ ಸೊಪ್ಪಿದು.

ಬೀಜವನ್ನು ಒಂದು ಹಗಲು ಒಂದು ರಾತ್ರಿ ನೀರಲ್ಲಿ ನೆನೆಸಿ, ಮಧ್ಯೆ ನೀರು ಬದಲಿಸಿ. ಕಾಲು ಇಂಚು ಆಳಕ್ಕೆ ಬಿತ್ತಿ, ಒದ್ದೆ ಗೋಣಿ ಮುಚ್ಚಿ. ಇಲ್ಲಿ ತಾಳ್ಮೆ ಬೇಕು. ಹರಿವೆ ಬೀಜದಂತೆ ನಾಲ್ಕು ದಿನಕ್ಕೆ ಮೊಳೆಯುವುದಿಲ್ಲ, ಮೂರು ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಬೀಜ ಸರಿಯಿಲ್ಲವೆಂದು ಚಟ್ಟಿಯನ್ನು ಕೆದಕಿಬಿಡಬೇಡಿ. ಆ ಅಷ್ಟೂ ದಿನ ಮಣ್ಣು ಒಣಗಬಾರದು. ಮೊಳಕೆ ಕಂಡ ದಿನ ಗೋಣಿ ತೆಗೆದು ಬೆಳಗಿನ ಬಿಸಿಲಿಗೆ ಇಡಿ. ಸಸಿ ಮೂರಿಂಚಾದಾಗ ನಡುವೆ ಆರಿಂಚು ಜಾಗ ಬಿಟ್ಟು ಉಳಿದವನ್ನು ಕೀಳಿ. ಕಿತ್ತ ಸಸಿಗಳನ್ನು ತಿನ್ನಬಹುದು.

ಕೊಯ್ಯುವಾಗ ಯಾವಾಗಲೂ ಹೊರಗಿನ ದಂಟನ್ನು ಬುಡದಲ್ಲೇ ಕತ್ತರಿಸಿ. ಹೊಸ ಚಿಗುರು ನಡುವಿನಿಂದ ಬರುವುದು, ಅದನ್ನು ಮುಟ್ಟಬೇಡಿ. ತುದಿಯ ಎಲೆಯನ್ನಷ್ಟೇ ಚಿವುಟಿದರೆ ಬೋಳು ದಂಟು ಉಳಿದು ಕೊಳೆಯುತ್ತದೆ. ಒಂದು ಸಲಕ್ಕೆ ಗಿಡದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯದಿದ್ದರೆ ಅದು ಬೇಗ ಚೇತರಿಸಿಕೊಳ್ಳುತ್ತದೆ. ಬಸವನಹುಳದ ಕಾಟ ನಮ್ಮಲ್ಲಿ ಹೆಚ್ಚು, ರಾತ್ರಿ ಟಾರ್ಚ್ ಹಿಡಿದು ಆಯ್ದು ತೆಗೆಯುವುದೇ ನಂಬಬಹುದಾದ ಉಪಾಯ. ಸಸ್ಯಹೇನು ಕಂಡರೆ ನೀರನ್ನು ರಭಸವಾಗಿ ಚಿಮುಕಿಸಿ ತೊಳೆಯಿರಿ.

ಮಾರ್ಚಿನಿಂದ ಚಟ್ಟಿಗಳನ್ನು ಮಧ್ಯಾಹ್ನದ ಬಿಸಿಲು ಬೀಳದ ಪೂರ್ವದ ಜಗಲಿಗೆ ಸರಿಸಿ, ಬೆಳಿಗ್ಗೆ ಸಂಜೆ ನೀರು ಕೊಡಿ. ಎಲೆ ಸ್ವಲ್ಪ ಒರಟಾಗುತ್ತದೆ, ಆಗ ಅದು ತಂಬುಳಿಗೆ, ಚಟ್ನಿಗೆ. ಜೂನ್ ಮೊದಲ ಮಳೆಗೆ ಮುಂಚೆ ಮಾಡಿನ ಕೆಳಗೆ ತನ್ನಿ. ಮಳೆ ನೀರು ನಿಂತರೆ ಎರಡೇ ದಿನದಲ್ಲಿ ಬುಡ ಕೊಳೆಯುತ್ತದೆ, ಚಟ್ಟಿಯ ತೂತು ಕಟ್ಟಿಕೊಳ್ಳದಂತೆ ಕೆಳಗೆ ಎರಡು ಹೆಂಚಿನ ಚೂರು ಇಟ್ಟು ಎತ್ತರಿಸಿ. ಇದು ಎರಡು ವರ್ಷದ ಗಿಡ, ಎರಡನೇ ವರ್ಷ ಹೂ ಬಿಡುತ್ತದೆ. ನಡುವಿನಿಂದ ಗಟ್ಟಿ ಕಾಂಡವೊಂದು ನೆಟ್ಟಗೆ ಏಳತೊಡಗಿದರೆ ಎಲೆ ಕಹಿಯಾಗುವ ಕಾಲ ಬಂತೆಂದು ತಿಳಿದು ಉಳಿದ ಸೊಪ್ಪನ್ನೆಲ್ಲ ಒಮ್ಮೆಲೇ ಕೊಯ್ದುಬಿಡಿ. ಅದನ್ನು ಹೆಚ್ಚಿ, ತೆಂಗಿನೆಣ್ಣೆಯಲ್ಲಿ ಕಲಸಿ, ಐಸ್ ಟ್ರೇಯಲ್ಲಿ ತುಂಬಿ ಫ್ರೀಜರಿನಲ್ಲಿಟ್ಟರೆ ತೊವ್ವೆಗೆ, ಸೂಪಿಗೆ ಒಂದೊಂದೇ ಗಟ್ಟಿ ತೆಗೆದು ಹಾಕುತ್ತ ಮೂರು ತಿಂಗಳು ಬಳಸಬಹುದು.